ಕೇಡಗಾಂವ್‌ನ ಮುಕ್ತಿ ಸದನ: ಅನಾಥ ಮಕ್ಕಳು, ಮಿಷನ್‌ಗಳು ಮತ್ತು ನಾವು ಮಾಡಬಹುದಾದ ಕೆಲಸ

 

ಇವತ್ತಿನ ವಿಷಯ ಸ್ವಲ್ಪ ಸೂಕ್ಷ್ಮ. ಅನಾಥ ಮಕ್ಕಳು, ಬೀದಿ ಮಕ್ಕಳಿಗಾಗಿ ಕ್ರೈಸ್ತ ಮಿಷನ್‌ಗಳು ಮಾಡಿದ ಕೆಲಸ. ಈ ಮಾತು ಎತ್ತಿದ ಕೂಡಲೇ ಏನಾಗುತ್ತೆ ಅಂತ ನಿಮಗೆ ಗೊತ್ತು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಂಗಡ ಆಗಿಬಿಡುತ್ತೆ. ಒಂದು ಕಡೆಯವರು "ಅವರಷ್ಟು ಸೇವೆ ಯಾರು ಮಾಡಿದ್ದಾರೆ?" ಅಂತಾರೆ. ಇನ್ನೊಂದು ಕಡೆಯವರು "ಎಲ್ಲಾ ಮತಾಂತರಕ್ಕೆ" ಅಂತಾರೆ. ಈ ಗಲಾಟೆಯಲ್ಲಿ ಮಗುವಿನ ಮಾತೇ ಯಾರಿಗೂ ನೆನಪಿರಲ್ಲ. ಅದಕ್ಕೇ ಇವತ್ತು ವಾದ ಬೇಡ, ಒಂದೇ ಒಂದು ಕಥೆಯನ್ನ ಸರಿಯಾಗಿ ನೋಡೋಣ. ಅದರಿಂದ ನಮಗೆ ಏನು ಸಿಗುತ್ತೆ ಅಂತ ಆಮೇಲೆ ಮಾತಾಡೋಣ.

ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗುವವರು ಇಲ್ಲಿ ತುಂಬಾ ಜನ ಇದ್ದೀರಿ. ಪುಣೆ ಬಿಟ್ಟು ಸುಮಾರು 60 ಕಿಲೋಮೀಟರ್ ಆದ ಮೇಲೆ, ದೌಂಡ್ ಬರೋಕೆ ಮುಂಚೆ, ಕೇಡಗಾಂವ್ ಅಂತ ಒಂದು ಸಣ್ಣ ಸ್ಟೇಷನ್ ದಾಟುತ್ತೆ. ಆ ಊರಿನಲ್ಲಿ ಮುಕ್ತಿ ಮಿಷನ್ ಇದೆ. 120 ವರ್ಷಕ್ಕೂ ಹಿಂದೆ ಅಲ್ಲಿ ಒಬ್ಬ ಹೆಂಗಸು, ಬರಗಾಲದಲ್ಲಿ ಅನಾಥರಾದ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನ ಒಂದೇ ಜಾಗದಲ್ಲಿ ಸಾಕಿದ್ದರು. ಅವರೇ ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅವರನ್ನ ತಮ್ಮವರು ಅಂತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಕುದುರೆಮುಖದ ಕಡೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತಾರಲ್ಲ, ಅಲ್ಲಿ. 1858ರ ಏಪ್ರಿಲ್ 23ರಂದು.

ಅವರು ಕಾಡಿನಲ್ಲಿ ಯಾಕೆ ಹುಟ್ಟಿದರು? ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ಪಂಡಿತರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಬೇಕು ಅಂತ ಹೊರಟರು. ಹೆಂಗಸಿಗೆ ಸಂಸ್ಕೃತವಾ ಅಂತ ಸಮಾಜದಲ್ಲಿ ವಿರೋಧ ಬಂತು. ಅವರು ಊರು ಬಿಟ್ಟು ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು, ಹೆಂಡತಿಗೆ ಕಲಿಸಿದರು, ಅಲ್ಲಿಗೆ ವಿದ್ಯಾರ್ಥಿಗಳೂ ಬಂದರು. ಆಮೇಲೆ ಸಾಲ ಆಯಿತು, ಮನೆತನ ಮುರೀತು. ಕುಟುಂಬ ತೀರ್ಥಯಾತ್ರೆಗೆ ಹೊರಟಾಗ ರಮಾಬಾಯಿ ಕೆಲವೇ ತಿಂಗಳ ಕೂಸು. ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗೆ ತಂದರಂತೆ. ಹಾಗೇ ಊರೂರು ತಿರುಗುತ್ತಾ, ದೇವಸ್ಥಾನಗಳಲ್ಲಿ ಪುರಾಣ ಓದುತ್ತಾ ಜೀವನ. ಮಗಳಿಗೆ ಸಂಸ್ಕೃತ ಕಲಿಸಿದ್ದು ತಾಯಿಯೇ. ಈ ತಿರುಗಾಟದಲ್ಲೇ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಕಲಿತದ್ದಾಗಿ ಅವರೇ ಬರೆದುಕೊಂಡಿದ್ದಾರೆ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂತು. ಕೈಯಲ್ಲಿದ್ದ ದುಡ್ಡೆಲ್ಲ ದಾನ, ತೀರ್ಥ ಅಂತ ಖರ್ಚಾಗಿತ್ತು. ಪುರಾಣ ಓದೋದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ, ಭಿಕ್ಷೆ ಬೇಡೋಕೆ ಮನಸ್ಸಿಲ್ಲ. ಕಾಡಿನ ಸೊಪ್ಪು, ಹಣ್ಣು ತಿಂದು ಬದುಕಿದರು. ಮೊದಲು ತಂದೆ, ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ಉಳಿದದ್ದು ಹದಿಹರೆಯದ ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದೇ ತಿರುಗಿ 1878ರಲ್ಲಿ ಕಲ್ಕತ್ತಾ ಸೇರಿದರು.

ಇದನ್ನ ಇಷ್ಟು ವಿವರವಾಗಿ ಯಾಕೆ ಹೇಳ್ತಿದ್ದೀನಿ ಅಂದರೆ, ಮುಂದೆ ಕೇಡಗಾಂವ್‌ನಲ್ಲಿ ಆದದ್ದು ಅರ್ಥ ಆಗಬೇಕಾದರೆ ಇದು ಗೊತ್ತಿರಬೇಕು. ಅನಾಥ ಮಕ್ಕಳನ್ನ ಸಾಕಿದ ಆ ಹೆಂಗಸು ತಾನೇ ಬರಗಾಲದ ಅನಾಥೆ. ಹಸಿವು ಅಂದರೆ ಏನು ಅಂತ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಕಲ್ಕತ್ತಾದ ಪಂಡಿತರು ಅವರ ಸಂಸ್ಕೃತ ಕೇಳಿ ಬೆರಗಾಗಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರ ಜೊತೆ ಮದುವೆ, ಬೇರೆ ಜಾತಿ, ರಿಜಿಸ್ಟರ್ ಮದುವೆ. ಎರಡು ವರ್ಷ ತುಂಬುವ ಮೊದಲೇ ಕಾಲರಾದಲ್ಲಿ ಗಂಡ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 23ನೇ ವಯಸ್ಸಿಗೆ ರಮಾಬಾಯಿ ವಿಧವೆ. 1882ರಲ್ಲಿ ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಶುರು ಮಾಡಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ಡಾಕ್ಟರುಗಳು ಬೇಕು ಅಂತ ಸಾಕ್ಷಿ ಹೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು, ಅಲ್ಲೇ ಆ ಸೆಪ್ಟೆಂಬರ್‌ನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. 1886ರಲ್ಲಿ ಅಮೆರಿಕಕ್ಕೆ ಹೋದರು. ಡಾಕ್ಟರ್ ಆನಂದಿಬಾಯಿ ಜೋಶಿ ಅವರ ಪದವಿ ಸಮಾರಂಭಕ್ಕೆ ಅಂತ ಹೋದವರು ಎರಡು ವರ್ಷ ಊರೂರು ಭಾಷಣ ಮಾಡಿ ಹಣ ಕೂಡಿಸಿದರು. ಆ ಹಣದಿಂದ 1889ರ ಮಾರ್ಚ್ 11ರಂದು ಮುಂಬೈನಲ್ಲಿ ಶಾರದಾ ಸದನ ಶುರುವಾಯಿತು. ಬಾಲವಿಧವೆಯರಿಗೆ ವಸತಿ, ಶಾಲೆ. ಮುಂದಿನ ವರ್ಷ ಅದು ಪುಣೆಗೆ ಬಂತು.

ಪುಣೆಯಲ್ಲಿ ಇರೋರಿಗೆ ಇಲ್ಲೊಂದು ಸ್ವಾರಸ್ಯ ಇದೆ. ಶಾರದಾ ಸದನದ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಅನ್ನುವ ಬಾಲವಿಧವೆ ಒಬ್ಬರು. 1893ರಲ್ಲಿ ಅವರನ್ನ ಮದುವೆಯಾದವರು ಧೋಂಡೋ ಕೇಶವ ಕರ್ವೆ. ಅದೇ ಕರ್ವೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಶುರು ಮಾಡಿದರು, ಅದು ಆಮೇಲೆ ಹಿಂಗಣೆಗೆ ಹೋಯಿತು. ಇವತ್ತಿನ ಕರ್ವೆ ನಗರ ಅಂದರೆ ಅದೇ. ನಿಮ್ಮಲ್ಲಿ ಎಷ್ಟೋ ಜನ ಅಲ್ಲೇ ಬಾಡಿಗೆಗೆ ಇದ್ದೀರಿ. ಒಂದು ಕೆಲಸ ಧರ್ಮದ ಗೋಡೆ ದಾಟಿ ಇನ್ನೊಂದು ಕೆಲಸಕ್ಕೆ ಹೇಗೆ ದಾರಿಯಾಗುತ್ತೆ ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ, ಅಂದರೆ ಇವತ್ತಿನ ಮಧ್ಯಪ್ರದೇಶದ ಕಡೆ, ಭಾರೀ ಬರ ಬಂತು. ರಮಾಬಾಯಿ ಪುಣೆಯಲ್ಲಿ ಕೂತು ಚಂದಾ ಕಳಿಸಲಿಲ್ಲ. ತಾವೇ ಅಲ್ಲಿಗೆ ಹೋದರು. ಸರ್ಕಾರದ ಪರಿಹಾರ ಶಿಬಿರಗಳನ್ನ ನೋಡಿದರು. ಅನ್ನಕ್ಕಾಗಿ ಹುಡುಗಿಯರು ಯಾರ ಯಾರ ಕೈಗೆ ಸಿಗ್ತಿದ್ದಾರೆ, ಅವರನ್ನ ಸಾಗಿಸುವವರು ಹೇಗೆ ಹೊಂಚು ಹಾಕಿ ಕೂತಿದ್ದಾರೆ ಅಂತ ನೋಡಿ ಬರೆದರು. ಸುಮಾರು 300 ಹುಡುಗಿಯರನ್ನ ಕರೆದುಕೊಂಡು ಬಂದರು. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್. ಊರೊಳಗೆ ಇಷ್ಟು ಜನರನ್ನ ಇಟ್ಟುಕೊಳ್ಳೋ ಹಾಗಿಲ್ಲ. ಕೇಡಗಾಂವ್‌ನಲ್ಲಿ ಅವರು ಮೊದಲೇ ಜಮೀನು ಕೊಂಡಿದ್ದರು. ಅಲ್ಲಿಗೇ ಕರೆದುಕೊಂಡು ಹೋಗಿ, ಮೊದಲು ತಾತ್ಕಾಲಿಕ ಗುಡಿಸಲು, ಆಮೇಲೆ ಕಟ್ಟಡ. ಅದೇ ಮುಕ್ತಿ ಸದನ. 1899-1900ರಲ್ಲಿ ಗುಜರಾತ್ ಕಡೆ ಮತ್ತೆ ಬರ ಬಿತ್ತು, ಮತ್ತೆ ಮಕ್ಕಳು ಬಂದರು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ ಇದ್ದರು, ನೂರಕ್ಕೂ ಹೆಚ್ಚು ದನಕರು ಇದ್ದವು.

1,500 ಜನ ಅಂದರೆ ಸ್ವಲ್ಪ ಯೋಚಿಸಿ. ಕರೆಂಟ್ ಇಲ್ಲ, ನಲ್ಲಿ ನೀರಿಲ್ಲ. ಬಂದವರು ಎಲುಬಿನ ಹಂದರ. ಚರ್ಮರೋಗ, ಭೇದಿ, ಜ್ವರ. ಬಂದು ಕೆಲವೇ ದಿನಕ್ಕೆ ತೀರಿಕೊಂಡವರೂ ಇದ್ದಾರೆ. ಉಳಿದವರಿಗೆ ದಿನಾ ಊಟ, ಬಟ್ಟೆ, ಔಷಧ, ಪಾಠ ಆಗಬೇಕು. ಇದನ್ನ ನಡೆಸಿದ ರೀತಿಯಲ್ಲಿ ಮೂರು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತೆ.

ಮೊದಲನೇದು, ಸಾಕುವವರು ಯಾರು? ಎಲ್ಲದಕ್ಕೂ ಹೊರಗಿನ ಸ್ಟಾಫ್ ಮೇಲೆ ನಿಲ್ಲಲಿಲ್ಲ. ಶಾರದಾ ಸದನದಲ್ಲಿ ಓದಿದ್ದ ವಿಧವೆಯರೇ ಇಲ್ಲಿ ಟೀಚರ್, ಮೇಲ್ವಿಚಾರಕಿ ಆದರು. ಮನೆಯಲ್ಲಿ ಅಪಶಕುನ ಅನ್ನಿಸಿಕೊಂಡು ಮೂಲೆಯಲ್ಲಿದ್ದವರು ಇಲ್ಲಿ ಚಿಕ್ಕ ಮಕ್ಕಳ ತಾಯಿಯಾದರು. ದೊಡ್ಡ ಹುಡುಗಿ ಚಿಕ್ಕ ಹುಡುಗಿಯನ್ನ ನೋಡಿಕೊಳ್ಳೋದು ರೂಢಿಯಾಯಿತು. ಸಹಾಯ ಪಡೆದವರೇ ಸಹಾಯ ಮಾಡುವವರಾದರು.

ಎರಡನೇದು, ಕಸುಬು. ಓದು ಬರಹದ ಜೊತೆ ಬೇಸಾಯ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಪ್ರೆಸ್ಸಿನ ಕೆಲಸ. ಕಣ್ಣು ಕಾಣದ ಹುಡುಗಿಯರಿಗೆ ಬ್ರೈಲ್ ಓದು, ಬುಟ್ಟಿ ಹೆಣೆಯೋದು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನ ಸರಳ ಮರಾಠಿಗೆ ಅನುವಾದ ಮಾಡಿದರಲ್ಲ, ಅದರ ಅಚ್ಚುಮೊಳೆ ಜೋಡಿಸಿದ್ದೂ ಇದೇ ಹೆಂಗಸರು. ಅವರ ತಂದೆಗೆ ಬರಗಾಲದಲ್ಲಿ ಪುರಾಣ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ ಅಂದೆನಲ್ಲ, ಆ ಪಾಠ ಮಗಳು ಮರೆತಿರಲಿಲ್ಲ ಅಂತ ನನಗನ್ನಿಸುತ್ತೆ. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ನೇಯ್ಗೆ, ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ರೀತಿಯ ಯೋಚನೆಯಿಂದ. ಬಂದವರಿಗೆ ಹೊಟ್ಟೆಪಾಡು ಬೇಕಲ್ಲ.

ಮೂರನೇದು, ಕೈ ಬಿಡಲಿಲ್ಲ. ಬರ ಮುಗೀತು, ಪತ್ರಿಕೆಗಳಲ್ಲಿ ಸುದ್ದಿ ನಿಂತಿತು, ಆದರೆ ಮಕ್ಕಳು ಬೆಳೆಯೋಕೆ ಹತ್ತು ಹದಿನೈದು ವರ್ಷ ಬೇಕು. ಅಷ್ಟು ವರ್ಷ ಅವರು ಇದ್ದರು. ಮಗಳು ಮನೋರಮಾ ತಾಯಿಯ ಬಲಗೈ ಆಗಿ ನಿಂತರು. 1912ರ ಸುಮಾರಿಗೆ ಗುಲ್ಬರ್ಗದಲ್ಲೂ, ಅಂದರೆ ನಮ್ಮ ಈಗಿನ ಕಲಬುರಗಿಯಲ್ಲಿ, ಇವರ ಶಾಲೆ ಶುರುವಾಯಿತು. ಮನೋರಮಾ 1921ರಲ್ಲಿ ತೀರಿಕೊಂಡರು. ಮುಂದಿನ ವರ್ಷ, 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು. ಸಂಸ್ಥೆ ಇವತ್ತಿಗೂ ಇದೆ.

ಸರಿ, ಈಗ ಎಲ್ಲರ ಮನಸ್ಸಲ್ಲಿರೋ ಪ್ರಶ್ನೆ. ಮತಾಂತರ?

ಆಯಿತು. ಅದನ್ನ ಮುಚ್ಚಿಡೋದು ಬೇಡ. ಶಾರದಾ ಸದನ ಶುರುವಾದಾಗ ಯಾವ ಧರ್ಮವನ್ನೂ ಹೇರುವುದಿಲ್ಲ ಅನ್ನುವ ನಿಯಮ ಇತ್ತು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯನ್ನ ಬಾಗಿಲು ತೆರೆದೇ ಮಾಡ್ತಿದ್ದರು, ಹುಡುಗಿಯರು ಬಂದು ಕೂರ್ತಿದ್ದರು. 1893ರಲ್ಲಿ ದೊಡ್ಡ ಗಲಾಟೆ ಆಯಿತು. ತಿಲಕರ 'ಕೇಸರಿ' ಕಟುವಾಗಿ ಬರೀತು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅಂಥವರೇ ರಾಜೀನಾಮೆ ಕೊಟ್ಟರು. ಅವರು ರಮಾಬಾಯಿಯ ಶತ್ರುಗಳಲ್ಲ, ಸುಧಾರಕರು. ಎಷ್ಟೋ ಮನೆಯವರು ತಮ್ಮ ಹುಡುಗಿಯರನ್ನ ವಾಪಸ್ ಕರೆಸಿಕೊಂಡರು. ಮುಂದೆ ಕೇಡಗಾಂವ್‌ನ ಮುಕ್ತಿ ಸದನ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ ಆಗಿತ್ತು. ಬಹಳ ಹುಡುಗಿಯರು ದೀಕ್ಷಾಸ್ನಾನ ಪಡೆದರು.

ಅನ್ನ ಕೊಟ್ಟವರ ಧರ್ಮವನ್ನ ಹತ್ತು ವರ್ಷದ ಅನಾಥ ಮಗು ಒಪ್ಪಿಕೊಂಡರೆ ಅದು ಆ ಮಗುವಿನ ಸ್ವಂತ ಆಯ್ಕೆಯಾ? ನನ್ನ ಪ್ರಕಾರ ಅಲ್ಲ. ಹಸಿದ ಮಗುವಿಗೆ ಬೇಡ ಅನ್ನುವ ಶಕ್ತಿ ಇರಲ್ಲ. ಇದು ಮಿಷನ್‌ಗೆ ಮಾತ್ರ ಅಲ್ಲ, ಮಠಕ್ಕೂ, ಟ್ರಸ್ಟಿಗೂ, ಯಾರಿಗಾದರೂ ಅನ್ವಯಿಸುತ್ತೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಅಷ್ಟೇ ಪ್ರಾಮಾಣಿಕವಾಗಿ ಕೇಳಬೇಕು. ಆ ಶಿಬಿರದಲ್ಲಿ ಬಿದ್ದಿದ್ದ ಹುಡುಗಿಯ ಹತ್ತಿರ ಬೇರೆ ಯಾರು ಹೋಗಿದ್ದರು? ದೂರದಲ್ಲಿ ಕೂತು ಧರ್ಮ ಹೋಯಿತು ಅಂತ ಬರೆದವರಲ್ಲಿ ಎಷ್ಟು ಜನ ಒಂದು ಮಗುವನ್ನ ಮನೆಗೆ ಕರೆದುಕೊಂಡು ಬಂದರು? ಕರ್ವೆ ಇದಕ್ಕೆ ಒಳ್ಳೆ ಉತ್ತರ ಕೊಟ್ಟರು. ಬೈಯುವ ಬದಲು ತಾವೇ ಒಂದು ಸಂಸ್ಥೆ ಕಟ್ಟಿದರು. ಈ ಎರಡು ಪ್ರಶ್ನೆಗಳಲ್ಲಿ ಒಂದನ್ನ ಮಾತ್ರ ಕೇಳೋದು ಸುಲಭ. ಎರಡನ್ನೂ ಒಟ್ಟಿಗೆ ಕೇಳೋದೇ ಕಷ್ಟ.

ಈಗಿನ ಕಾಲ ಈ ವಿಷಯದಲ್ಲಿ ಸ್ವಲ್ಪ ಮುಂದೆ ಬಂದಿದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಏನು ಹೇಳುತ್ತೆ ಅಂದರೆ, ಮನೆ ಕಳೆದುಕೊಂಡ ಮಗುವಿಗೆ ಆಸರೆ ಕೊಡುವಾಗ ಅದರ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಗೆ ಗಮನ ಕೊಡಬೇಕು. 2015ರ ಬಾಲನ್ಯಾಯ ಕಾಯಿದೆ ಪ್ರಕಾರ ಸಿಕ್ಕಿದ ಮಗುವನ್ನ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಆ ಸಮಿತಿ, ಯಾವುದೋ ಫಾದರ್ ಅಲ್ಲ, ಸ್ವಾಮೀಜಿ ಅಲ್ಲ, ಎನ್‌ಜಿಒ ಅಲ್ಲ. ಮಕ್ಕಳನ್ನ ಇಟ್ಟುಕೊಳ್ಳುವ ಎಲ್ಲ ಸಂಸ್ಥೆಗಳೂ ಈ ಕಾಯಿದೆಯಡಿ ನೋಂದಣಿ ಆಗಲೇಬೇಕು.

ಇನ್ನೊಂದು ಬದಲಾವಣೆಯೂ ಆಗಿದೆ. ರಮಾಬಾಯಿ ಕಾಲದಲ್ಲಿ 1,500 ಜನರನ್ನ ಒಂದೇ ಕಡೆ ಸಾಕೋದು ದೊಡ್ಡ ಸಾಧನೆ. ಇವತ್ತು ಅದನ್ನ ಕೊನೆಯ ದಾರಿ ಅಂತ ನೋಡ್ತಾರೆ. ಯಾಕೆಂದರೆ ಅನಾಥಾಶ್ರಮಗಳಲ್ಲಿರೋ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಬಡತನಕ್ಕೆ ಬಿಟ್ಟು ಹೋಗಿರ್ತಾರೆ, ಅಷ್ಟೇ. ಬೆಂಗಳೂರಿನಲ್ಲಿ 1980ರಲ್ಲಿ ಸಲೇಷಿಯನ್ ಸಂಸ್ಥೆಯವರು ಶುರು ಮಾಡಿದ ಬಾಸ್ಕೋ ನಿಮಗೆ ಗೊತ್ತಿರಬಹುದು. ಆ ಇಂಗ್ಲಿಷ್ ಅಕ್ಷರಗಳ ಪೂರ್ಣ ರೂಪ ಏನು ಗೊತ್ತಾ? ಬೆಂಗಳೂರು ಓಣಿಯವರ ಸೇವಾ ಕೂಟ! ಓಣಿಯವರು, ಎಂಥಾ ಚೆನ್ನಾದ ಪದ. ಬೀದಿ ಮಕ್ಕಳು ಅಂದರೆ ಎಲ್ಲೋ ಇರುವವರು ಅನ್ನಿಸುತ್ತೆ, ಓಣಿಯವರು ಅಂದರೆ ನಮ್ಮ ಪಕ್ಕದವರು. ಅವರು ಮಕ್ಕಳು ಬರಲಿ ಅಂತ ಕಟ್ಟಡದಲ್ಲಿ ಕೂರಲಿಲ್ಲ. ರೈಲ್ವೆ ಸ್ಟೇಷನ್ನಿಗೆ, ಬಸ್ ಸ್ಟ್ಯಾಂಡಿಗೆ, ರಸ್ತೆಗೆ ತಾವೇ ಹೋದರು. ಮೊದಲು ಗೆಳೆತನ, ಆಮೇಲೆ ಆಸರೆ, ಸಾಧ್ಯ ಆದರೆ ವಾಪಸ್ ಮನೆಗೆ. ಹತ್ತಿರ ಹೋಗೋದು ಅನ್ನೋ ರಮಾಬಾಯಿಯ ಮೊದಲ ಹೆಜ್ಜೆ ಇಲ್ಲೂ ಇದೆ.

ಹಾಗಾದರೆ ನಾವೇನು ಮಾಡಬಹುದು? ಐಟಿಯವರು ಮಾಡೋದು ಸಾಮಾನ್ಯವಾಗಿ ಒಂದೇ. ಮಗುವಿನ ಬರ್ತ್‌ಡೇಗೆ ಅನಾಥಾಶ್ರಮಕ್ಕೆ ಕೇಕ್, ಬಿರಿಯಾನಿ, ಒಂದು ಗ್ರೂಪ್ ಫೋಟೋ. ಒಳ್ಳೆ ಮನಸ್ಸಿಂದಲೇ ಮಾಡ್ತೀವಿ. ಆದರೆ ಆ ಮಕ್ಕಳ ಕಡೆಯಿಂದ ನೋಡಿ. ಪ್ರತಿ ಭಾನುವಾರ ಗೊತ್ತಿಲ್ಲದ ಯಾರೋ ಬರ್ತಾರೆ, ತಮ್ಮ ಅಪ್ಪ ಅಮ್ಮನ ಜೊತೆ ಬಂದ ಮಗು ಕೇಕ್ ಕತ್ತರಿಸುತ್ತೆ, ಇವರು ಚಪ್ಪಾಳೆ ಹೊಡೀಬೇಕು, ಸಾಯಂಕಾಲ ಎಲ್ಲರೂ ಹೋಗ್ತಾರೆ. ಫೋಟೋ ಇನ್‌ಸ್ಟಾಗ್ರಾಮಿಗೆ ಹೋಗುತ್ತೆ. ಅಂದ ಹಾಗೆ, ಇಂಥ ಮಕ್ಕಳ ಗುರುತು ಬಹಿರಂಗ ಮಾಡೋದನ್ನ ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ನಿಷೇಧಿಸಿದೆ.

ಇದಕ್ಕಿಂತ ಉಪಯೋಗ ಆಗೋ ನಾಲ್ಕು ಕೆಲಸ ಹೇಳ್ತೀನಿ.

ಒಂದು. ಸ್ಟೇಷನ್ನಿನಲ್ಲೋ ಸಿಗ್ನಲ್ಲಿನಲ್ಲೋ ಒಂಟಿ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ರೈಲಿನಲ್ಲಾದರೆ 139, ಅಥವಾ ಆರ್‌ಪಿಎಫ್‌ನವರಿಗೆ ಹೇಳಿ. 1098 ಮುಂಬೈನಲ್ಲಿ 1996ರಲ್ಲಿ ಶುರುವಾದದ್ದು, ಈಗ ಸರ್ಕಾರವೇ ನಡೆಸುತ್ತೆ, ದಿನದ 24 ಗಂಟೆಯೂ ಇರುತ್ತೆ. ಇದು ಬರೀ ದಯೆಯ ಮಾತಲ್ಲ. ಬಿಟ್ಟುಹೋದ ಅಥವಾ ತಪ್ಪಿಸಿಕೊಂಡ ಮಗು ಕಂಡರೆ 24 ಗಂಟೆಯೊಳಗೆ ತಿಳಿಸಬೇಕು ಅಂತ ಕಾನೂನೇ ಹೇಳುತ್ತೆ. ಮಗುವನ್ನ ನೀವೇ ಮನೆಗೆ ಕರೆದುಕೊಂಡು ಹೋಗಬೇಡಿ, ಯಾರಿಗಾದರೂ ದತ್ತು ಕೊಡಿಸೋಕೂ ಹೋಗಬೇಡಿ. ಅದು ಮಗುವಿಗೂ ಅಪಾಯ, ನಿಮಗೂ ಅಪಾಯ.

ಎರಡು. ದುಡ್ಡು ಕೊಡುವ ಮೊದಲು ಕೇಳಿ. 80ಜಿ ಇದೆಯಾ ಅಂತ ಕೇಳೋದು ನಮಗೆ ಅಭ್ಯಾಸ. ಅದರ ಜೊತೆ ಇವನ್ನೂ ಕೇಳಿ: ಬಾಲನ್ಯಾಯ ಕಾಯಿದೆಯಲ್ಲಿ ನೋಂದಣಿ ಇದೆಯಾ? ಮಕ್ಕಳು ಸಮಿತಿಯ ಆದೇಶದ ಮೇಲೆ ಬಂದವರಾ? ಕಳೆದ ವರ್ಷ ಎಷ್ಟು ಮಕ್ಕಳು ವಾಪಸ್ ಮನೆಗೆ ಹೋದರು? 18 ತುಂಬಿದವರು ಈಗ ಎಲ್ಲಿದ್ದಾರೆ? ಸಂಸ್ಥೆ ಚರ್ಚಿನದ್ದಾದರೂ ಕೇಳಿ, ಮಠದ್ದಾದರೂ ಕೇಳಿ. ಒಳ್ಳೆ ಸಂಸ್ಥೆಯವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ.

ಮೂರು. ಮಗು ಅನಾಥಾಶ್ರಮಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಗಂಡ ಸತ್ತವರಿರಬಹುದು, ಎರಡು ಮಕ್ಕಳನ್ನ ಒಬ್ಬರೇ ಸಾಕ್ತಿರಬಹುದು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಇಂಥ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಮಹಾರಾಷ್ಟ್ರದಲ್ಲಿ ಬಾಲ ಸಂಗೋಪನ ಯೋಜನೆ ಅಂತಲೂ ಇದೆ. ಅವರಿಗೆ ಅರ್ಜಿ, ಆಧಾರ್, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರದ ಓಡಾಟವೇ ದೊಡ್ಡ ಗುಡ್ಡ. ಪೋರ್ಟಲ್ಲು, ಪಿಡಿಎಫ್ಫು ನಮ್ಮ ದಿನನಿತ್ಯದ ಕೆಲಸ. ಒಂದು ಶನಿವಾರ ಅವರ ಜೊತೆ ಕೂತರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಸಲ ಜೊತೆಗೆ ಹೋದರೆ, ಒಂದು ಮಗು ತನ್ನ ಅಮ್ಮನ ಹತ್ತಿರವೇ ಉಳಿಯುತ್ತೆ. ಯಾವ ಕೇಕಿಗಿಂತಲೂ ಇದು ದೊಡ್ಡದು.

ನಾಲ್ಕನೇದು ನಮಗೇ ಅಂತ ಇರೋದು. ನಮ್ಮ ಭಾಷೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಎಷ್ಟು ಕುಟುಂಬಗಳು ಬರ್ತವೆ ಅಂತ ನೀವು ನೋಡಿದ್ದೀರಿ. ನಿಮ್ಮ ಟೆಕ್ ಪಾರ್ಕಿನ ಪಕ್ಕದ ಸೈಟಿನಲ್ಲೇ ಕನ್ನಡ ಕೇಳಿಸುತ್ತೆ. ಅದೇ ರೈಲು ಹತ್ತಿ ಮನೆ ಬಿಟ್ಟು ಬರುವ ಮಕ್ಕಳೂ ಇರ್ತಾರೆ. ಅಂಥ ಎಂಟು ವರ್ಷದ ಹುಡುಗ ಮರಾಠಿ, ಹಿಂದಿ ಮಾತಾಡುವವರ ಮುಂದೆ ಕೂತರೆ ಏನು ಹೇಳ್ತಾನೆ? ಊರಿನ ಹೆಸರು ಹೇಳಿದರೂ ಕೇಳಿಸಿಕೊಂಡವರಿಗೆ ಗೊತ್ತಾಗಬೇಕಲ್ಲ. ಬಾಲನ್ಯಾಯ ನಿಯಮಗಳಲ್ಲಿ ಭಾಷಾಂತರ ಮಾಡುವವರ ಪಟ್ಟಿ ಇಟ್ಟುಕೊಳ್ಳುವ ವ್ಯವಸ್ಥೆ ಇದೆ, ಅದು ಇದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸ. ನಿಮ್ಮ ಊರಿನ ಘಟಕಕ್ಕೆ ಹೋಗಿ, ಕನ್ನಡ ಬರುತ್ತೆ, ಬೇಕಾದಾಗ ಕರೀರಿ ಅಂತ ಹೆಸರು ಬರೆಸಿ. ಚೆನ್ನೈ, ಹೈದರಾಬಾದಿನಲ್ಲಿ ಇರೋರೂ ಇದನ್ನ ಮಾಡಬಹುದು. ತಿಂಗಳುಗಟ್ಟಲೆ ಫೋನ್ ಬರದೇ ಇರಬಹುದು. ಬಂದ ದಿನ, "ಯಾವೂರಪ್ಪಾ ನಿಂದು? ಊಟ ಆಯ್ತಾ?" ಅನ್ನುವ ಒಂದು ಮಾತಿಗೆ ಆ ಮಗು ಬಾಯಿ ಬಿಡಬಹುದು.

ಕನ್ನಡ ಸಂಘಗಳವರು ಇದನ್ನ ಕೇಳ್ತಿದ್ದರೆ ಒಂದು ವಿನಂತಿ. ಈ ಸಲ ರಾಜ್ಯೋತ್ಸವದ ಸಮಿತಿ ಸಭೆಯಲ್ಲಿ ಊಟ, ಆರ್ಕೆಸ್ಟ್ರಾ ವಿಷಯ ಮುಗಿದ ಮೇಲೆ ಇದಕ್ಕೆ ಐದು ನಿಮಿಷ ಕೊಡಿ. ಹತ್ತು ಜನರ ಹೆಸರು ಕೊಟ್ಟರೂ ಸಾಕು.

ನಿಮ್ಮ ಊರಿನಲ್ಲಿ ಇಂಥ ಕೆಲಸ ಯಾರಾದರೂ ಮಾಡ್ತಿದ್ದರೆ, ಯಾವ ಧರ್ಮದವರೇ ಆಗಿರಲಿ, ಕೆಳಗೆ ಬರೀರಿ. ಮಕ್ಕಳ ಹೆಸರು, ಫೋಟೋ ಮಾತ್ರ ಹಾಕಬೇಡಿ.